ಕಾಣುವ ಕಲ್ಯಾಣ, ಕಾಣದ ಕಲ್ಯಾಣ

ಬೀದರ ಜಿಲ್ಲೆಯಲ್ಲಿ, ಹುಮನಾಬಾದ ಬಸವಕಲ್ಯಾಣಗಳ ಸೀಮೆಯಲ್ಲಿ, ಘಾಟಬೋರಾಳವೆಂಬುದೊಂದು ಊರುಂಟು. ಚರಿತ್ರೆಯ ಪಾಠಪುಸ್ತಕಗಳಲ್ಲಿ ಆ ಹೆಸರು ಬರುವುದಿಲ್ಲ. ಆದರೂ ಇಂದಿನ ನಮ್ಮ ಮಾತನ್ನು ಅಲ್ಲಿಂದಲೇ ಆರಂಭಿಸುವುದು ಉಚಿತವೆಂದು ತೋರುತ್ತದೆ. ಏಕೆಂದರೆ ನಾವು ಹೇಳಬೇಕೆಂದಿರುವ ವಿಷಯಕ್ಕೆ ಆ ಸೀಮೆಯ ನೆಲವೇ ಒಳ್ಳೆಯ ಪಾಠವಾಗಿದೆ. ಅಲ್ಲಿಯ ಎತ್ತರದ ಭೂಮಿಯಲ್ಲಿ ಬಾವಿ ತೋಡುವವರು ಮೊದಲು ಕೆಂಪು ಜಂಬಿಟ್ಟಿಗೆಯನ್ನು ಕಡಿಯಬೇಕು. ಅದು ಮುಗಿದರೆ ಜೇಡಿಯಂತಹ ಮೆತ್ತನೆಯ ಬಿಳಿಮಣ್ಣು. ಅದರ ಅಡಿಯಲ್ಲಿ ಕರಿಯ ಬಂಡೆ. ಮಳೆಯ ನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಕೆಳಗಿನ ಬಂಡೆ ತಡೆಯುವವರೆಗೆ ಹೋಗಿ, ಅಲ್ಲಿ ನಿಲ್ಲುತ್ತದೆ. ಈ ಗುಟ್ಟನ್ನು ಬಲ್ಲವರು ಬಹಮನಿ ಸುಲ್ತಾನರ ಕಾಲದಲ್ಲಿ ಬೀದರದ ಬಳಿ ನೆಲದೊಳಗೇ ಸುರಂಗವನ್ನು ಕೊರೆದು, ನಡುನಡುವೆ ಗಾಳಿಬೆಳಕಿಗೆ ಬಾಯಿಗಳನ್ನು ಬಿಟ್ಟು, ಎರಡು ಮೂರು ಕಿಲೋಮೀಟರುಗಳ ದೂರಕ್ಕೆ ನೀರನ್ನು ಹರಿಸಿದರು. ಪಾರಸೀಕ ದೇಶದಿಂದ ಬಂದ ಆ ವಿದ್ಯೆಗೆ ಕರೇಜ್ ಎಂದು ಹೆಸರು. ಮೇಲೆ ನಡೆದುಹೋಗುವವನಿಗೆ ಅಲ್ಲಲ್ಲಿ ಹಾಳುಬಾವಿಗಳಂತೆ ಕೆಲವು ಕುಳಿಗಳು ಮಾತ್ರ ಕಾಣುತ್ತವೆ. ಅವೆಲ್ಲವೂ ಒಂದೇ ನೀರಿನ ಬಾಯಿಗಳೆಂಬುದು ಕೆಳಗೆ ಇಳಿದವನಿಗೆ ಮಾತ್ರ ತಿಳಿಯುತ್ತದೆ.

ಸಂಸ್ಕೃತಿಯ ವಿಷಯವೂ ಬಹುಮಟ್ಟಿಗೆ ಹೀಗೆಯೇ. ಗುಡಿ, ಗುಮ್ಮಟ, ಕೋಟೆ, ಜಾತ್ರೆ, ಉಡುಗೆ ತೊಡುಗೆ ಇವುಗಳನ್ನು ತೋರಿಸಿ 'ಇದು ನಮ್ಮ ಸಂಸ್ಕೃತಿ' ಎಂದು ಹೇಳುವುದು ವಾಡಿಕೆ. ಅದು ಮೇಲಿನ ಪದರ, ಕಣ್ಣಿದ್ದವರಿಗೆಲ್ಲ ಕಾಣತಕ್ಕದ್ದು. ಅದರ ಕೆಳಗೆ ನುಡಿಯೂ ರೂಢಿಯೂ ಸೇರಿದ ಎರಡನೆಯ ಪದರ ಉಂಟು. ಅದು ಕಾಣುವುದಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವಂಥದು. ಎಲ್ಲಕ್ಕೂ ಅಡಿಯಲ್ಲಿ ಮೂರನೆಯದೊಂದು ಇದೆ: ಯಾರಿಗೆ ಯಾವುದು ಸಲ್ಲಬೇಕು, ಯಾರ ಮುಂದೆ ಯಾರು ಕುಳಿತುಕೊಳ್ಳಬಹುದು, ಯಾವ ಮಾತನ್ನು ಆಡಬಾರದು ಎಂಬ ತಿಳಿವಳಿಕೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎಲ್ಲರೂ ಕಲಿತಿರುತ್ತಾರೆ. ಈ ಮೂರನ್ನೂ ಕಲ್ಯಾಣದ ಸೀಮೆಯಲ್ಲಿ ಒಂದೊಂದಾಗಿ ನೋಡೋಣ.

ಮೊದಲು ಕಾಣುವುದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಕಲ್ಯಾಣಕ್ಕೆ ತಂದನು. ಅವನ ಮಗ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಅರ್ಧ ಶತಮಾನ ಅಲ್ಲಿ ಆಳಿದನು. ತನ್ನ ಪಟ್ಟಾಭಿಷೇಕದಿಂದಲೇ ಹೊಸ ಶಕವನ್ನು ಎಣಿಸುವಷ್ಟು ಅವನ ಪ್ರತಾಪವಿದ್ದಿತು. ಕಾಶ್ಮೀರದಿಂದ ಬಿಲ್ಹಣ ಕವಿ ಬಂದು ಅವನ ಆಸ್ಥಾನದಲ್ಲಿ ನೆಲೆಸಿ ಅವನ ಚರಿತ್ರೆಯನ್ನು ಕಾವ್ಯವಾಗಿ ಬರೆದನು. ಇಂತಹ ನಗರದಲ್ಲಿ ಇಂದು ಆ ಅರಮನೆ ಎಲ್ಲಿದೆಯೆಂದು ಕೇಳಿದರೆ ತೋರಿಸುವುದಕ್ಕೆ ಏನೂ ಇಲ್ಲ. ಈಗ ಬಸವಕಲ್ಯಾಣದಲ್ಲಿ ಕಾಣುವ ಕೋಟೆ ಬಹುಪಾಲು ಬಹಮನಿ ಅರಸರ ಮತ್ತು ಅವರ ಅನಂತರದವರ ಕೈಕೆಲಸ. ಚಾಲುಕ್ಯರ ಕಾಲದ ಶಿಲ್ಪವನ್ನು ನೋಡಬೇಕಾದರೆ ನಗರವನ್ನು ಬಿಟ್ಟು ಸಮೀಪದ ನಾರಾಯಣಪುರಕ್ಕೋ ಹುಮನಾಬಾದ ಸೀಮೆಯ ಜಲಸಂಗಿಗೋ ಹೋಗಬೇಕು.

ಜಲಸಂಗಿಯ ದೇವಾಲಯದ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಇದ್ದಾಳೆ. ಅವಳು ಕನ್ನಡಿಯನ್ನು ನೋಡುತ್ತಿಲ್ಲ, ನಾಟ್ಯವಾಡುತ್ತಿಲ್ಲ. ಬೆನ್ನು ತುಸು ಬಳುಕಿಸಿ ನಿಂತು ಗೋಡೆಯ ಮೇಲೆ ಬರೆಯುತ್ತಿದ್ದಾಳೆ. ಅವಳು ಬರೆಯುತ್ತಿರುವುದು ಸಂಸ್ಕೃತದ ಒಂದು ಶಾಸನಪದ್ಯ. ಅದರಲ್ಲಿರುವುದು ಚಾಲುಕ್ಯ ವಿಕ್ರಮಾದಿತ್ಯನ ಕೀರ್ತಿ. ನೋಡಿದವರು ಶಿಲ್ಪಿಯ ಕೈಚಳಕಕ್ಕೆ ತಲೆದೂಗುತ್ತಾರೆ, ತಲೆದೂಗಬೇಕಾದದ್ದೇ. ಆದರೆ ಅಲ್ಲಿ ಒಂದು ಗಳಿಗೆ ಹೆಚ್ಚಾಗಿ ನಿಂತರೆ ಒಂದು ಪ್ರಶ್ನೆ ಏಳುತ್ತದೆ. ಕಲ್ಲಿನ ಹೆಣ್ಣಿನ ಕೈಗೆ ಲೇಖನಿಯನ್ನು ಕೊಟ್ಟ ನಾಡು, ಸುತ್ತಲ ಊರುಗಳ ಜೀವಂತ ಹೆಣ್ಣುಮಕ್ಕಳ ಕೈಗೆ ಬಳಪವನ್ನು ಕೊಡಲು ಎಷ್ಟು ಶತಮಾನ ತಡೆಯಿತು! ಆ ಬಾಲಿಕೆ ಬರೆಯುತ್ತಿರುವುದು ತನ್ನ ಹೆಸರನ್ನಲ್ಲ, ಅರಸನ ಹೆಸರನ್ನು. ಇಲ್ಲಿಂದ ನಾವು ಎರಡನೆಯ ಪದರಕ್ಕೆ ಇಳಿಯುತ್ತೇವೆ.

ಆ ವಿಕ್ರಮಾದಿತ್ಯನ ಕಾಲದಲ್ಲಿಯೇ ಕಲ್ಯಾಣದಲ್ಲಿ ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣ ಪಟ್ಟಣವನ್ನೂ ತನ್ನ ಅರಸನನ್ನೂ ಕೊಂಡಾಡಿದ್ದಾನೆ. ಪಟ್ಟಣದ ಸೌಧಗಳು ಹೋದುವು, ಅರಸನ ವಂಶವೂ ಹೋಯಿತು; ಮಿತಾಕ್ಷರಾ ಉಳಿಯಿತು. ಬಂಗಾಳ ಅಸ್ಸಾಮುಗಳಲ್ಲಿ ಜೀಮೂತವಾಹನನ ದಾಯಭಾಗವು ನಡೆದರೆ, ಭಾರತದ ಉಳಿದ ಭಾಗದಲ್ಲೆಲ್ಲ ಹಿಂದೂ ಅವಿಭಕ್ತ ಕುಟುಂಬದ ಆಸ್ತಿ ಹೇಗೆ ಹಂಚಿಕೆಯಾಗಬೇಕೆಂಬುದಕ್ಕೆ ಮಿತಾಕ್ಷರೆಯೇ ಮುಖ್ಯ ಆಧಾರವಾಯಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ತಂದ ಮೇಲಂತೂ ಕಲ್ಯಾಣದ ಪಂಡಿತನ ಮಾತು ಕಲ್ಕತ್ತೆ, ಮದರಾಸು, ಲಂಡನ್ನುಗಳ ನ್ಯಾಯಪೀಠಗಳ ಮುಂದೆ ಓದಲ್ಪಟ್ಟಿತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಅದರ ಮುಖ್ಯ ತತ್ತ್ವ. ಕಲ್ಯಾಣದ ಹೆಸರನ್ನೇ ಕೇಳದ ಕುಟುಂಬಗಳು ಕೂಡ ಎಂಟುನೂರು ವರ್ಷ ಕಲ್ಯಾಣದ ಮಾತಿನಂತೆ ಹೊಲಮನೆಗಳನ್ನು ಹಂಚಿಕೊಂಡುವು. ಒಂದು ಸಂಸ್ಕೃತಿಯ ಕಾಣದ ಪದರವೆಂದರೆ ಏನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.

ಈ ಪದರ ಮೇಲಿನಿಂದ ಅಲುಗಿಸಿದ ಮಾತ್ರಕ್ಕೆ ಅಲುಗುವುದಿಲ್ಲವೆಂಬುದನ್ನೂ ನೋಡಬೇಕು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೆಣ್ಣಿಗೆ ಕೆಲವು ಹಕ್ಕುಗಳನ್ನು ಕೊಟ್ಟಿತು. 2005ರ ತಿದ್ದುಪಡಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟೆಂದು ಸಾರಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಆ ತಿದ್ದುಪಡಿ ಬರುವ ಮುನ್ನವೇ ತಂದೆ ತೀರಿಕೊಂಡಿದ್ದರೂ ಮಗಳ ಹಕ್ಕಿಗೆ ಬಾಧೆಯಿಲ್ಲವೆಂದು ತೀರ್ಮಾನಿಸಿತು. ಕಾಗದದ ಮೇಲೆ ಕೆಲಸ ಮುಗಿಯಿತು. ಆದರೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಎಷ್ಟೋ ಮಂದಿ ಅಕ್ಕತಂಗಿಯರು ಅಣ್ಣತಮ್ಮಂದಿರ ಜೊತೆಯಲ್ಲಿ ಕಚೇರಿಗೆ ಬಂದು ತಮ್ಮ ಪಾಲನ್ನು ಬಿಟ್ಟುಕೊಟ್ಟು ರುಜು ಹಾಕಿ ಹೋಗುತ್ತಾರೆ. ಕೇಳಿದರೆ ತವರಿನ ಬಾಗಿಲು ತೆರೆದಿದ್ದರೆ ಸಾಕು, ವರ್ಷಕ್ಕೊಮ್ಮೆ ಅರಿಸಿನ ಕುಂಕುಮ ಬಂದರೆ ಸಾಕು ಎನ್ನುತ್ತಾರೆ. ಅವರನ್ನು ಯಾರೂ ಬಲವಂತಪಡಿಸಿರುವುದಿಲ್ಲ. ಬಲವಂತದ ಅವಶ್ಯಕತೆಯೇ ಇರುವುದಿಲ್ಲ. ಜಲಸಂಗಿಯ ಬಾಲಿಕೆಯಂತೆ ಇವರೂ ಬರೆಯಬಲ್ಲರು. ಅವಳಂತೆ ಇವರೂ ಬರೆಯುವುದು ಇನ್ನೊಬ್ಬರ ಲಾಭಕ್ಕಾಗಿ.

ಕಲ್ಯಾಣದ ನೆಲದಲ್ಲಿ ಈ ಅಡಿಯ ಬಂಡೆಯನ್ನೇ ಒಡೆಯಲು ಒಮ್ಮೆ ಪ್ರಯತ್ನ ನಡೆಯಿತೆಂಬುದನ್ನು ಕನ್ನಡಿಗರಿಗೆ ಹೇಳಬೇಕಾದುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಬಸವಣ್ಣನವರೂ ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೇ ಮೊದಲಾದ ಶರಣೆಯರೂ ಅಲ್ಲಿ ಕೂಡಿದರು. ಚಮ್ಮಾರ, ಮಡಿವಾಳ, ಅಂಬಿಗ, ಬ್ರಾಹ್ಮಣ ಎಂಬ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಕುಳಿತು, ಜನರಾಡುವ ಕನ್ನಡದಲ್ಲಿ ವಚನಗಳನ್ನು ನುಡಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾದಾಗ ರಾಜ್ಯವೇ ಕದಡಿತೆಂದೂ, ಇಬ್ಬರು ತಂದೆಯರಿಗೂ ಕ್ರೂರ ಶಿಕ್ಷೆಯಾಯಿತೆಂದೂ, ಶರಣರು ದಿಕ್ಕುದಿಕ್ಕಿಗೆ ಚದರಿ ಚೆನ್ನಬಸವಣ್ಣನವರು ಉಳವಿಯ ಕಾಡನ್ನು ಸೇರಿದರೆಂದೂ ಪುರಾಣಗಳು ಹೇಳುತ್ತವೆ. ಒಂದೇ ಊರಿನಲ್ಲಿ, ನೂರು ವರ್ಷಗಳೊಳಗೆ, ಒಬ್ಬ ಪಂಡಿತನು ಹುಟ್ಟಿನ ಹಕ್ಕನ್ನು ವಿವರಿಸಿದನು. ಒಂದು ಸಮುದಾಯವು ಹುಟ್ಟಿನ ಹಿರಿಮೆಯನ್ನು ಅಲ್ಲಗಳೆಯಿತು. ಇವೆರಡೂ ಕಲ್ಯಾಣದವೇ. ಇವುಗಳಲ್ಲಿ ಒಂದನ್ನು ಮಾತ್ರ ನಮ್ಮದೆನ್ನುವವರು ಅರ್ಧ ಬಾವಿಯನ್ನು ತೋಡಿ ನಿಲ್ಲಿಸಿದವರು.

ಶರಣರು ತಮ್ಮ ಕಾಲದ ಕಟ್ಟಡವೊಂದನ್ನೂ ನಮಗೆ ನಿಶ್ಚಯವಾಗಿ ತೋರಿಸುವಂತೆ ಬಿಟ್ಟುಹೋಗಲಿಲ್ಲ. ಅವರು ಬಿಟ್ಟದ್ದು ಮಾತು. ಆ ಮಾತು ತಾಳೆಗರಿಗಳಲ್ಲಿ ಸೇರಿ ಮಠಗಳಲ್ಲಿಯೂ ಮನೆಗಳ ದೇವರಕೋಣೆಗಳಲ್ಲಿಯೂ ಉಳಿಯಿತು. ಎಷ್ಟೋ ಕಡೆ ಆ ಕಟ್ಟುಗಳಿಗೆ ವಿಭೂತಿಯನ್ನಿಟ್ಟು ಹೂವೇರಿಸಿದರೇ ವಿನಾ ಬಿಚ್ಚಿ ಓದಲಿಲ್ಲ. ಬಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಇಂತಹ ಕಟ್ಟುಗಳನ್ನು ಹುಡುಕಿ, ನಕಲು ಮಾಡಿ, 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು 1923ರಲ್ಲಿ ಪ್ರಕಟಿಸಿದ ಮೇಲೆ ನಾಡು ಅದನ್ನು ಹೊಸದಾಗಿ ಕೇಳಿತು. ಇದರಿಂದ ಒಂದು ಮಾತು ತಿಳಿದುಬರುತ್ತದೆ: ಪೂಜಿಸುವುದೂ ಒಂದು ಬಗೆಯ ಮರೆಯೇ. ಕಣ್ಣೆದುರಿಗೆ ದಿನವೂ ಇದ್ದ ಕಟ್ಟು ಓದದೆ ಇದ್ದುದರಿಂದ ಕಾಣದ ವಸ್ತುವಾಯಿತು.

ಮರೆಯಾಗುವುದು ಕೆಲವು ವೇಳೆ ರಕ್ಷಣೆಯೂ ಆಗುವುದುಂಟು. ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಆಡಳಿತದ ಭಾಷೆ ಉರ್ದು. ಶಾಲೆಯ ಭಾಷೆಯೂ ಹೆಚ್ಚಾಗಿ ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೂ ಉರ್ದುವಿನಲ್ಲಿಯೇ ಪಾಠ ಹೇಳಿತು. ಆಗ ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಶಾಲೆಯ ಬಾಗಿಲಿಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರು. ಈ ಸಂಗತಿ ಬೀದರ ಜಿಲ್ಲೆಯಲ್ಲಿ ಮನೆಮಾತಾಗಿದೆ. ಆ ದಿನಗಳಲ್ಲಿ ಯಾವನಾದರೊಬ್ಬ ಪ್ರವಾಸಿ ಆ ಬೀದಿಯಲ್ಲಿ ಹೋಗಿದ್ದರೆ ಫಲಕವನ್ನು ನೋಡಿ ಇಲ್ಲಿ ಕನ್ನಡವಿಲ್ಲವೆಂದು ಬರೆದುಕೊಂಡು ಹೋಗುತ್ತಿದ್ದನು. ಅವನು ಕಂಡದ್ದು ಸುಳ್ಳಲ್ಲ. ಆದರೂ ಅವನ ತೀರ್ಮಾನ ತಪ್ಪು.

ಇದರ ಜೊತೆಗೆ ಇನ್ನೊಂದನ್ನು ಹೇಳದಿದ್ದರೆ ನ್ಯಾಯವಾಗದು. ಉರ್ದು ಪಾರಸಿಗಳು ಈ ನಾಡಿಗೆ ಬರಿಯ ಫಲಕವಾಗಿ ಬಂದುವಲ್ಲ. ತಹಶೀಲು, ದಫ್ತರ, ಕಾಗದ, ಜಮೀನು ಎಂಬ ಮಾತುಗಳಿಲ್ಲದೆ ನಮ್ಮ ಹಳ್ಳಿಯ ವ್ಯವಹಾರ ಒಂದು ದಿನವೂ ಸಾಗದು. ಹೊಲವನ್ನು ಉಳುವವನಿಗೆ ನಾವು ಹೇಳುವ ರೈತನೆಂಬ ಹೆಸರೇ ಅರಬ್ಬೀ ಮೂಲದ್ದು. ಹೊರಗಿನಿಂದ ಬಂದದ್ದು ಯಾವುದು, ಒಳಗಿನದು ಯಾವುದು ಎಂಬ ಲೆಕ್ಕ ನಾಲಗೆಗೆ ತಿಳಿಯುವುದಿಲ್ಲ.

ಹೀಗೆ ಬೆರೆತು ಬಾಳಿದ ಗುರುತುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಜೋಳದ ದಂಟಿನ ಗುಡಿಸಲನ್ನು ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯನ್ನು ಹೊತ್ತ ಭೂತಾಯಿಗೆ ಬಯಕೆಯ ಊಟವೆಂದು ಚರಗವನ್ನು ಚೆಲ್ಲಿ, ನೆರೆಹೊರೆಯವರನ್ನು ಕರೆದು ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಉಣ್ಣುತ್ತಾರೆ. ಕರೆಯುವಾಗ ಮತವನ್ನು ಕೇಳುವುದಿಲ್ಲ. ಬೀದರದ ಬಳಿಯ ಅಷ್ಟೂರಿನಲ್ಲಿ 1436ರಲ್ಲಿ ತೀರಿಕೊಂಡ ಸುಲ್ತಾನ ಅಹಮದ ಶಹನ ಗೋರಿಯುಂಟು. ಹೊರಗೆ ಅದು ಸಾದಾ ಗುಮ್ಮಟ. ಒಳಗೆ ಬಣ್ಣವೂ ಚಿನ್ನದ ಲೇಪವೂ ತುಂಬಿದ ಚಿತ್ತಾರ. ಹಿಂದೂ ಭಕ್ತರು ಆ ಸುಲ್ತಾನನನ್ನು ಅಲ್ಲಮಪ್ರಭುವೆಂದು ಭಾವಿಸುತ್ತಾರೆ. ಅವನ ಉರ್ಸಿಗೆ ಕಲಬುರಗಿಯ ಕಡೆಯಿಂದ ಜಂಗಮರು ಮೆರವಣಿಗೆಯಲ್ಲಿ ಬರುವ ಸಂಪ್ರದಾಯವಿದೆ. ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿ, 1865ರಲ್ಲಿ ಸಮಾಧಿಸ್ಥರಾದ ಮಾಣಿಕ ಪ್ರಭುಗಳು ಎಲ್ಲ ಮತಗಳೂ ಸಲ್ಲುವುವೆಂಬ ಸಕಲಮತ ತತ್ತ್ವವನ್ನು ಬೋಧಿಸಿ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದರು.

ಇಲ್ಲಿಗೆ ಮಾತನ್ನು ನಿಲ್ಲಿಸಿದರೆ ಕೇಳುವುದಕ್ಕೆ ಹಿತವಾಗಿರುತ್ತದೆ. ಆದರೆ ನಿಜವಾಗುವುದಿಲ್ಲ. ಇದೇ ಸೀಮೆಯ ಗೋರಟಾ ಗ್ರಾಮದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಊರನ್ನು ಮುತ್ತಿ ಬಹುಮಂದಿಯನ್ನು ಕೊಂದರು; ಇನ್ನೂರು ಮಂದಿಯೆಂದು ಜನ ಹೇಳುತ್ತಾರೆ. ಆ ವರ್ಷದ ಸೆಪ್ಟೆಂಬರ್ 17ರಂದು ನಿಜಾಮರು ಭಾರತದ ಸೇನೆಗೆ ಶರಣಾದರು. ಅದಾದ ಬಳಿಕ ಪ್ರತೀಕಾರವು ಸಾಧಾರಣ ಮುಸಲ್ಮಾನರ ಮೇಲೆ ಬಿದ್ದಿತು. ಭಾರತ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಸಂಸ್ಥಾನದಲ್ಲೆಲ್ಲ ಸೇರಿ ಸತ್ತವರು ಇಪ್ಪತ್ತೇಳು ಸಾವಿರದಿಂದ ನಲವತ್ತು ಸಾವಿರವೆಂದು ಅಂದಾಜು ಮಾಡಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ವರದಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸರ್ಕಾರದ ಪೆಟ್ಟಿಗೆಯಲ್ಲಿಯೇ ಇದ್ದಿತು. ಗೋರಟಾದವರ ದುಃಖವೂ ದೀರ್ಘಕಾಲ ಆ ಊರಿನ ದುಃಖವಾಗಿಯೇ ಉಳಿಯಿತು. 2023ರಲ್ಲಿ ಅಲ್ಲೊಂದು ಸ್ಮಾರಕವಾಯಿತು. ಒಂದಕ್ಕೆ ಕಲ್ಲು ಬಂದಿತು. ಇನ್ನೊಂದು ಮುದುಕರ ಮೌನದಲ್ಲಿ ಉಳಿದುಕೊಂಡಿದೆ.

ಒಂದೇ ಅಂಬಲಿಯನ್ನು ಕುಡಿದವರು, ಒಂದೇ ಉರ್ಸಿಗೆ ಹೋದವರು ಹೀಗಾದುದು ಹೇಗೆ? ನಮಗೆ ತೋರುವ ಉತ್ತರವಿದು. ಹಬ್ಬದ ದಿನದ ಕೂಟ ನಿಜವೇ. ಆದರೆ ಅದು ಮೇಲಿನ ಪದರದ ಕೂಟ. ಜಮೀನು ಯಾರದು, ಸಾಲ ಯಾರದು, ಅಧಿಕಾರ ಯಾರ ಕೈಯಲ್ಲಿ ಎಂಬ ಅಡಿಯ ಪದರದ ಅಸಮಾಧಾನಗಳಿಗೆ ಜಾತ್ರೆಯಲ್ಲಿಯೂ ಉರ್ಸಿನಲ್ಲಿಯೂ ಮಾತಿರಲಿಲ್ಲ. ಮಾತಿಲ್ಲದೆ ಉಳಿದದ್ದು ಕಾಲ ಕೆಟ್ಟಾಗ ಮೇಲೆದ್ದು ಬಂದಿತು. ಆದರೆ ಅದೇ ವರದಿ ಇನ್ನೊಂದು ಸಂಗತಿಯನ್ನೂ ದಾಖಲಿಸಿದೆ. ಅನೇಕ ಕಡೆ ಹಿಂದೂಗಳು ನೆರೆಯ ಮುಸಲ್ಮಾನರನ್ನು ಮರೆಮಾಡಿ ಉಳಿಸಿದರು. ಅದರಲ್ಲಿಯೂ ಒಂದೇ ಕಸುಬಿನವರಲ್ಲಿ ಈ ಕಳಕಳಿ ಹೆಚ್ಚಾಗಿತ್ತು. ಕೆಲವೆಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರ ಪರವಾಗಿ ನಿಂತು ಸ್ವಂತ ಪ್ರಾಣವನ್ನೂ ತೆತ್ತರು. ಮಗ್ಗದ ಗುಳಿಯಲ್ಲಿ ಕಾಲಿಟ್ಟು ಬೆಳೆದ ಸ್ನೇಹಕ್ಕೆ ಧ್ವಜವಿಲ್ಲ, ಮೆರವಣಿಗೆಯಿಲ್ಲ. ಅದನ್ನು ಯಾವ ಪ್ರವಾಸಿಯೂ ಸಂಸ್ಕೃತಿಯೆಂದು ಬರೆದುಕೊಂಡು ಹೋದವನಲ್ಲ. ಎಲ್ಲವೂ ಕುಸಿದಾಗ ತಡೆದು ನಿಂತದ್ದು ಅದು.

ಆದುದರಿಂದ ಒಂದು ನಾಡಿನ ಸಂಸ್ಕೃತಿಯನ್ನು ತಿಳಿಯಬೇಕೆನ್ನುವವರು ಅಲ್ಲಿಯ ಗುಡಿಗುಮ್ಮಟಗಳನ್ನು ನೋಡಿದ ಮೇಲೆ ಇನ್ನು ಕೆಲವು ಪ್ರಶ್ನೆಗಳನ್ನೂ ಕೇಳಬೇಕಾಗುವುದು. ಇಲ್ಲಿಯ ಹೊಲದ ಪತ್ರಗಳಲ್ಲಿ ಹೆಣ್ಣಿನ ಹೆಸರು ಎಷ್ಟು? ಇಲ್ಲಿ ಪೂಜೆಗೊಳ್ಳುತ್ತಿದ್ದು ಓದಿಗೆ ಸಿಕ್ಕದಿರುವ ಕಟ್ಟು ಯಾವುದು? ಬಾಗಿಲಿನ ಫಲಕಕ್ಕೂ ಒಳಗಿನ ಪಾಠಕ್ಕೂ ಭೇದವುಂಟೆ? ಯಾವ ಮಾತು ಬಂದಾಗ ಹಿರಿಯರು ಸುಮ್ಮನಾಗುತ್ತಾರೆ? ಕಷ್ಟಕಾಲದಲ್ಲಿ ಯಾರು ಯಾರ ಮನೆಯ ಬಾಗಿಲನ್ನು ತಟ್ಟಬಲ್ಲರು? ಈ ಪ್ರಶ್ನೆಗಳನ್ನು ಪರರ ನಾಡಿಗೆ ಕೇಳುವುದು ಸುಲಭ. ನಮ್ಮ ಊರಿಗೆ, ನಮ್ಮ ಮನೆಗೆ ಕೇಳಿಕೊಳ್ಳುವುದು ಕಷ್ಟ. ಕಾಣದ ಪದರದಲ್ಲಿ ಇರುವುದೆಲ್ಲ ಒಳ್ಳೆಯದೆಂಬ ಭ್ರಮೆ ಬೇಡ. ಕೆಟ್ಟದ್ದೆಂಬ ತಿರಸ್ಕಾರವೂ ಬೇಡ. ಅಲ್ಲಿ ಬಂಡೆಯೂ ಉಂಟು, ನೀರೂ ಉಂಟು.

2019ರಲ್ಲಿ ಈ ಪ್ರದೇಶಕ್ಕೆ ಹೈದರಾಬಾದ ಕರ್ನಾಟಕವೆಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಫಲಕಗಳು ಬದಲಾದುವು, ಸಂತೋಷವೇ. ಆದರೆ ಘಾಟಬೋರಾಳದಂತಹ ಊರಿನಲ್ಲಿ ಒಬ್ಬ ತಂಗಿ ತನ್ನ ಪಾಲನ್ನು ಕೇಳಿದ ಮೇಲೆಯೂ ಅವಳಿಗೆ ತವರಿನಲ್ಲಿ ಊಟದ ಎಲೆ ಹಾಕುವ ದಿನ, ಎರಡು ಮನೆಗಳ ಹಿರಿಯರು 1948ನ್ನು ಕುರಿತು ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡಬಲ್ಲ ದಿನ, ಆ ಹೆಸರಿಗೆ ಅರ್ಥ ಬರುವುದು. ಬಾವಿಯನ್ನು ತೋಡುವವರಿಗೆ ಕೆಂಪು ಕಲ್ಲು ಕಂಡೊಡನೆ ಕೆಲಸ ಮುಗಿಯುವುದಿಲ್ಲ. ನೀರು ಇನ್ನೂ ಕೆಳಗಿದೆ.